ಮಹಾಮಾರಿಯ ಕಾಲದಲ್ಲಿ ಪರದೇಶದ ವಿದ್ಯಾರ್ಥಿ

ಸಾಂಕ್ರಾಮಿಕ ರೋಗವೊಂದರ ಹಾವಳಿಯನ್ನು ನಾವು ಸಾಮಾನ್ಯವಾಗಿ ಎರಡು ಸಂಖ್ಯೆಗಳಿಂದ ಅಳೆಯುತ್ತೇವೆ: ರೋಗ ತಗುಲಿದವರು ಎಷ್ಟು ಮಂದಿ, ಮಡಿದವರು ಎಷ್ಟು ಮಂದಿ. ಈ ಎರಡು ಲೆಕ್ಕಗಳಿಗೂ ಸಿಕ್ಕದೆ ನೊಂದವರು ಬೇರೆ ಇರುತ್ತಾರೆ. ರೋಗ ಅವರ ಮೈಯನ್ನು ಮುಟ್ಟಿರುವುದಿಲ್ಲ. ಆದರೆ ಅವರ ಬಾಳನ್ನು ಹಿಡಿದು ನಿಲ್ಲಿಸಿದ್ದ ಏರ್ಪಾಡುಗಳನ್ನು ಒಂದೊಂದಾಗಿ ಕಿತ್ತಿರುತ್ತದೆ. ೨೦೨೦ರ ಮಾರ್ಚ್ ೧೧ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ರೋಗವನ್ನು ಜಗದ್ವ್ಯಾಪಿಯಾದ ಮಹಾಮಾರಿಯೆಂದು ಕರೆದಾಗ ಇಂಥವರ ಗುಂಪೊಂದು ಲೋಕದ ವಿಶ್ವವಿದ್ಯಾನಿಲಯಗಳಲ್ಲೆಲ್ಲ ಹರಡಿಕೊಂಡಿತ್ತು. ಉನ್ನತ ವ್ಯಾಸಂಗಕ್ಕೂ ಸಂಶೋಧನೆಗೂ ಪರದೇಶಕ್ಕೆ ಹೋಗಿದ್ದ ಸ್ನಾತಕೋತ್ತರ ವಿದ್ಯಾರ್ಥಿಗಳ ಗುಂಪು ಅದು. ಅವರ ಮನಸ್ಸಿಗೂ ಅಧ್ಯಯನಕ್ಕೂ ಆಗ ಒದಗಿದ ಸ್ಥಿತಿ ಎಂಥದು, ಅದಕ್ಕೆ ಕಾರಣಗಳೇನು, ಅದರಿಂದ ನಾವು ಕಲಿಯತಕ್ಕದ್ದೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮನೆಯ ಹಂಬಲವೂ ಒಂದು ಕಾಯಿಲೆಯೆ?

ಈ ವಿಚಾರ ಹೊಸತಲ್ಲ. ೧೬೮೮ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಯೊಹಾನ್ನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿಯು ಒಂದು ಪ್ರಬಂಧವನ್ನು ಬರೆದನು. ಮನೆಯಿಂದ ದೂರವಾದವರಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಕೊರಗನ್ನು ಅವನು ಅದರಲ್ಲಿ ವರ್ಣಿಸಿ, ಅದಕ್ಕೆ 'ನಾಸ್ಟಾಲ್ಜಿಯಾ' ಎಂದು ಹೆಸರಿಟ್ಟನು. 'ಮನೆಗೆ ಮರಳುವುದು' ಮತ್ತು 'ನೋವು' ಎಂಬ ಅರ್ಥದ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ ಮಾಡಿದ ಪದ ಅದು. ಅವನು ಉದಾಹರಿಸಿದ ರೋಗಿಗಳಲ್ಲಿ ಒಬ್ಬನು ಬರ್ನ್ ನಗರದಿಂದ ಬಾಸೆಲಿಗೆ ಓದಲು ಬಂದಿದ್ದ ತರುಣ. ಜ್ವರದಿಂದ ಬಳಲಿ ಇನ್ನು ಉಳಿಯನೆಂದು ಎಲ್ಲರೂ ಕೈಬಿಟ್ಟಿದ್ದ ಆ ಹುಡುಗನನ್ನು ಊರಿಗೆ ಹೊರಡಿಸಿದಾಗ ದಾರಿಯಲ್ಲಿಯೇ ಚೇತರಿಸಿಕೊಂಡನಂತೆ. ಬರ್ನಿಗೂ ಬಾಸೆಲಿಗೂ ನಡುವಣ ದೂರ ಸುಮಾರು ನೂರು ಕಿಲೋಮೀಟರು. ಬೆಂಗಳೂರಿಗೂ ನ್ಯೂಯಾರ್ಕಿಗೂ ನಡುವಣ ದೂರ ಹದಿಮೂರು ಸಾವಿರ ಕಿಲೋಮೀಟರಿಗೂ ಮಿಗಿಲು.

ಹೋಫರನು ಕೊಟ್ಟ ಶಾರೀರಿಕ ವಿವರಣೆಯನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಅವನು ಹೇಳಿದ ಚಿಕಿತ್ಸೆಯಲ್ಲಿ ಒಂದು ಸಂಗತಿ ಅಡಗಿದೆ. ಮನೆಗೆ ಹೋಗಬಹುದು ಎಂಬ ಅರಿವೇ ರೋಗಿಗೆ ಅರ್ಧ ಬಲ. ೨೦೨೦ರಲ್ಲಿ ಪರದೇಶದ ವಿದ್ಯಾರ್ಥಿ ಕಳೆದುಕೊಂಡದ್ದು ಮುಖ್ಯವಾಗಿ ಇದನ್ನೇ.

ಈ ವಿದ್ಯಾರ್ಥಿಗಳು ಯಾರು?

ಲೋಕದಲ್ಲಿ ಅತಿ ಹೆಚ್ಚು ಪರದೇಶದ ವಿದ್ಯಾರ್ಥಿಗಳನ್ನು ಪಡೆದಿರುವುದು ಅಮೆರಿಕ ಸಂಯುಕ್ತ ಸಂಸ್ಥಾನ. ಅಲ್ಲಿನ ಅಂತರರಾಷ್ಟ್ರೀಯ ಶಿಕ್ಷಣ ಸಂಸ್ಥೆಯ ವಾರ್ಷಿಕ ಗಣತಿಯಂತೆ ೨೦೧೯-೨೦ನೆಯ ಸಾಲಿನಲ್ಲಿ ಅವರ ಸಂಖ್ಯೆ ೧೦,೭೫,೪೯೬. ಇವರಲ್ಲಿ ಭಾರತೀಯರು ೧,೯೩,೧೨೪. ಚೀನದವರನ್ನು ಬಿಟ್ಟರೆ ಇದೇ ದೊಡ್ಡ ಗುಂಪು. ಭಾರತೀಯರಲ್ಲಿ ಬಹುಪಾಲು ಜನ ಸ್ನಾತಕೋತ್ತರ ವ್ಯಾಸಂಗಕ್ಕೆಂದು ಹೋದವರು, ಇಲ್ಲವೇ ಅದನ್ನು ಮುಗಿಸಿ ತರಬೇತಿಯಲ್ಲಿದ್ದವರು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಹೋದ ನಮ್ಮ ಹುಡುಗ ಹುಡುಗಿಯರೂ ಈ ಸಂಖ್ಯೆಯೊಳಗೆ ಸೇರಿದ್ದಾರೆ.

ಇವರ ಸ್ಥಿತಿಯನ್ನು ತಿಳಿಯಲು ಭೌತಶಾಸ್ತ್ರದ ಒಂದು ಸಾಮಾನ್ಯ ಪಾಠವನ್ನು ನೆನೆಯೋಣ. ಒಂದು ವಸ್ತು ಉರುಳದೆ ನಿಲ್ಲಬೇಕಾದರೆ ಅದರ ಗುರುತ್ವ ಕೇಂದ್ರದಿಂದ ಇಳಿದ ಲಂಬರೇಖೆ ಅದರ ಆಧಾರದ ಒಳಗೆ ಬೀಳಬೇಕು. ಆಧಾರ ಅಗಲವಾದಷ್ಟೂ ಸ್ಥಿರತೆ ಹೆಚ್ಚು. ಸ್ವದೇಶದಲ್ಲಿರುವ ವಿದ್ಯಾರ್ಥಿಗೆ ತಂದೆತಾಯಿ, ನೆಂಟರು, ಬಾಲ್ಯದ ಗೆಳೆಯರು, ಬಲ್ಲ ಭಾಷೆ, ಪರಿಚಿತ ವೈದ್ಯರು, ಸರಕಾರದ ನೆರವು ಎಂದು ಆಧಾರದ ಬಿಂದುಗಳು ಹಲವು. ಅವು ಒಂದಕ್ಕೊಂದು ದೂರದಲ್ಲಿಯೂ ಇವೆ. ಪರದೇಶದ ವಿದ್ಯಾರ್ಥಿಗಾದರೋ ಅವನ ವೇತನ, ವಾಸದ ಕೊಠಡಿ, ಮಾರ್ಗದರ್ಶಕ, ಗೆಳೆಯರು, ಕೊನೆಗೆ ಆ ದೇಶದಲ್ಲಿ ಉಳಿಯುವ ಹಕ್ಕು ಕೂಡ, ವಿಶ್ವವಿದ್ಯಾನಿಲಯವೆಂಬ ಒಂದೇ ಪೀಠದ ಮೇಲೆ ನಿಂತಿವೆ. ಗಾಳಿಯಿಲ್ಲದ ದಿನಗಳಲ್ಲಿ ಕಿರಿದಾದ ಪೀಠವೂ ಸಾಕು. ಬಿರುಗಾಳಿ ಬಂದಾಗ ಮಾತ್ರ ಎರಡಕ್ಕೂ ಇರುವ ಅಂತರ ಗೊತ್ತಾಗುತ್ತದೆ.

ಕ್ಷೇಮವನ್ನು ಅಳೆಯುವ ಬಗೆ

ಮನಸ್ಸಿನ ಕ್ಷೇಮವನ್ನು ಅಳೆಯುವುದು ಸಾಧ್ಯವೇ ಎಂದು ವಾಚಕರು ಕೇಳಬಹುದು. ಉಷ್ಣಮಾಪಕವಿಟ್ಟು ಜ್ವರ ನೋಡುವಷ್ಟು ಖಚಿತವಾಗಿ ಸಾಧ್ಯವಿಲ್ಲ, ನಿಜ. ಆದರೂ ಮನಶ್ಶಾಸ್ತ್ರಜ್ಞರು ಕೆಲವು ಪ್ರಶ್ನಾವಳಿಗಳನ್ನು ಸಿದ್ಧಪಡಿಸಿ ಅನೇಕ ವರ್ಷ ಪರೀಕ್ಷಿಸಿದ್ದಾರೆ. ಅವುಗಳಲ್ಲಿ ಒಂದರಲ್ಲಿ ಒಂಬತ್ತು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲಿಯೂ ಆಸಕ್ತಿಯಿಲ್ಲದಂತೆ ಆಯಿತೆ, ಮನಸ್ಸು ಕುಗ್ಗಿತೆ, ನಿದ್ರೆ ಕೆಟ್ಟಿತೆ ಎಂದು ಮುಂತಾಗಿ ಅವು ಕೇಳುತ್ತವೆ. 'ಇಲ್ಲವೇ ಇಲ್ಲ' ಎಂಬ ಉತ್ತರಕ್ಕೆ ಸೊನ್ನೆ, 'ಹೆಚ್ಚು ಕಡಿಮೆ ಪ್ರತಿದಿನ' ಎಂಬ ಉತ್ತರಕ್ಕೆ ಮೂರು ಅಂಕ, ಒಟ್ಟು ಇಪ್ಪತ್ತೇಳು. ಇದರ ಮೊದಲ ಎರಡು ಪ್ರಶ್ನೆಗಳನ್ನು ಮಾತ್ರ ಕೇಳುವ ಸಂಕ್ಷಿಪ್ತ ರೂಪವೂ ಉಂಟು. ಅದರಲ್ಲಿ ಆರಕ್ಕೆ ಮೂರು ಅಂಕ ಬಂದರೆ ವೈದ್ಯರು ಮುಂದೆ ಪರೀಕ್ಷಿಸಬೇಕೆಂದು ಅರ್ಥ. ಇದು ರೋಗನಿರ್ಣಯವಲ್ಲ, ಜರಡಿ ಹಿಡಿಯುವ ಕೆಲಸ ಎಂಬುದನ್ನು ಮರೆಯಬಾರದು.

ಮಹಾಮಾರಿಗೆ ಮುಂಚೆಯೇ ಈ ಜರಡಿಗಳು ಆತಂಕದ ವಾರ್ತೆಯನ್ನು ತಂದಿದ್ದವು. ೨೦೧೭ರಲ್ಲಿ ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತದ ೩,೬೫೯ ಮಂದಿ ಸಂಶೋಧನ ವಿದ್ಯಾರ್ಥಿಗಳ ಅಧ್ಯಯನವೊಂದು ಪ್ರಕಟವಾಯಿತು. ಅವರಲ್ಲಿ ಮೂವರಿಗೆ ಒಬ್ಬರಂತೆ ಮಾನಸಿಕ ವ್ಯಾಧಿಯ, ಅದರಲ್ಲಿಯೂ ಖಿನ್ನತೆಯ, ಅಪಾಯದಲ್ಲಿದ್ದರು. ಮರುವರ್ಷ ೨೬ ದೇಶಗಳ ೨,೨೭೯ ಮಂದಿಯನ್ನು ಪ್ರಶ್ನಿಸಿದ ಇನ್ನೊಂದು ಅಧ್ಯಯನದಲ್ಲಿ ಶೇಕಡ ೪೧ರಷ್ಟು ಮಂದಿಗೆ ಸಾಧಾರಣದಿಂದ ತೀವ್ರದವರೆಗಿನ ಕಳವಳವೂ ಶೇಕಡ ೩೯ರಷ್ಟು ಮಂದಿಗೆ ಅದೇ ಮಟ್ಟದ ಖಿನ್ನತೆಯೂ ಕಂಡುಬಂದವು. ೨೦೨೦ರ ಮೇ ತಿಂಗಳಿಂದ ಜುಲೈವರೆಗೆ ಅಮೆರಿಕದ ಒಂಬತ್ತು ಸಾರ್ವಜನಿಕ ವಿಶ್ವವಿದ್ಯಾನಿಲಯಗಳಲ್ಲಿ ೧೫,೩೪೬ ಮಂದಿ ಸ್ನಾತಕೋತ್ತರ ಮತ್ತು ವೃತ್ತಿಶಿಕ್ಷಣದ ವಿದ್ಯಾರ್ಥಿಗಳನ್ನು ಜರಡಿ ಹಿಡಿದಾಗ ಶೇಕಡ ೩೨ ಮಂದಿಯಲ್ಲಿ ಖಿನ್ನತೆಯ, ಶೇಕಡ ೩೯ ಮಂದಿಯಲ್ಲಿ ಕಳವಳದ ಲಕ್ಷಣಗಳು ತೋರಿದವು. ಇದು ಸ್ವದೇಶೀಯರನ್ನೂ ಪರದೇಶೀಯರನ್ನೂ ಒಟ್ಟಿಗೆ ಸೇರಿಸಿದ ಲೆಕ್ಕ. ಮೇಲಿನ ಮೂರು ಅಧ್ಯಯನಗಳೂ ಬೇರೆ ಬೇರೆ ಅಳತೆಗೋಲುಗಳನ್ನು ಬಳಸಿದುವಾದ್ದರಿಂದ ಅವುಗಳ ಅಂಕಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಹೋಲಿಸುವುದು ತಪ್ಪಾದೀತು. ಮಹಾಮಾರಿಯು ಎರಗಿದ್ದು ಮೊದಲೇ ದಣಿದಿದ್ದ ಸಮುದಾಯವೊಂದರ ಮೇಲೆ ಎಂದಿಷ್ಟನ್ನು ಮಾತ್ರ ನಿಶ್ಚಯವಾಗಿ ಹೇಳಬಹುದು.

ಆ ವರ್ಷದ ಘಟನೆಗಳು

೨೦೨೦ರ ಮಾರ್ಚ್ ತಿಂಗಳಲ್ಲಿ ಕೆಲವೇ ದಿನಗಳ ಅಂತರದಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯಗಳು ತರಗತಿಗಳನ್ನು ಮುಚ್ಚಿ ಪಾಠಗಳನ್ನು ಗಣಕಯಂತ್ರದ ತೆರೆಗೆ ವರ್ಗಾಯಿಸಿದವು. ಪ್ರಯೋಗಶಾಲೆಗಳ ಬಾಗಿಲು ಹಾಕಿತು. ಮಾರ್ಚ್ ೨೦ರಂದು ಅಮೆರಿಕದ ರಾಯಭಾರ ಕಚೇರಿಗಳು ಲೋಕದಾದ್ಯಂತ ಸಾಮಾನ್ಯ ವೀಸಾಗಳನ್ನು ಕೊಡುವುದನ್ನು ನಿಲ್ಲಿಸಿದವು. ಅದೇ ವಾರದಲ್ಲಿ ಭಾರತ ಹೊರದೇಶಗಳ ವಿಮಾನ ಸಂಚಾರವನ್ನು ತಡೆಯಿತು. ವಿದ್ಯಾರ್ಥಿನಿಲಯವನ್ನು ಬಿಡಬೇಕೆಂಬ ಆಜ್ಞೆ ಒಂದು ಕಡೆ. ಊರಿಗೆ ಹೋಗಲು ವಿಮಾನವಿಲ್ಲದ್ದು ಇನ್ನೊಂದು ಕಡೆ. ಭಾರತೀಯರನ್ನು ಮರಳಿ ಕರೆತರುವ 'ವಂದೇ ಭಾರತ್' ವಿಮಾನಗಳು ಹೊರಟದ್ದು ಮೇ ೭ರಂದು. ಆದರೆ ಬಂದವನು ಮತ್ತೆ ಹೋಗುವುದು ಯಾವಾಗ ಎಂಬ ಪ್ರಶ್ನೆಗೆ ಯಾರಲ್ಲಿಯೂ ಉತ್ತರವಿರಲಿಲ್ಲ.

ಹಣದ ವಿಷಯವನ್ನು ನೋಡಿರಿ. ಪರದೇಶದ ವಿದ್ಯಾರ್ಥಿಯು ಪಾಠಕಾಲದಲ್ಲಿ ವಾರಕ್ಕೆ ಇಪ್ಪತ್ತು ಗಂಟೆಗಳನ್ನು ಮೀರದಂತೆ, ಅದೂ ವಿಶ್ವವಿದ್ಯಾನಿಲಯದ ಆವರಣದಲ್ಲಿಯೇ ದುಡಿಯಬಹುದೆಂಬುದು ಅಲ್ಲಿನ ಸಾಮಾನ್ಯ ನಿಯಮ. ಆವರಣವೇ ಮುಚ್ಚಿದಾಗ ಭೋಜನಶಾಲೆ, ಪುಸ್ತಕಭಂಡಾರಗಳ ಕೆಲಸಗಳು ಹೋದವು. ಅಮೆರಿಕದ ಸರಕಾರ ವಿದ್ಯಾರ್ಥಿಗಳಿಗೆಂದು ಮೊದಲು ಕೊಟ್ಟ ತುರ್ತು ನೆರವಿನಲ್ಲಿ ಪರದೇಶೀಯರಿಗೆ ಪಾಲಿರಲಿಲ್ಲ. ಆಸ್ಟ್ರೇಲಿಯದ ಪ್ರಧಾನಮಂತ್ರಿ ಸ್ಕಾಟ್ ಮಾರಿಸನ್ ಅವರು ಏಪ್ರಿಲ್ ೩ರಂದು, ತಮ್ಮ ಖರ್ಚನ್ನು ತಾವು ನಿಭಾಯಿಸಲಾರದ ಪರದೇಶದ ವಿದ್ಯಾರ್ಥಿಗಳು ಸ್ವದೇಶಕ್ಕೆ ಮರಳುವುದೇ ಮೇಲು ಎಂಬ ಅರ್ಥದ ಮಾತನ್ನಾಡಿದರು. ಆ ದೇಶದ ಗಡಿಯು ೨೦೨೦ರ ಮಾರ್ಚ್ ೨೦ರಂದು ಮುಚ್ಚಿದ್ದು, ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ತೆರೆದದ್ದು ೨೦೨೧ರ ಡಿಸೆಂಬರ್ ೧೫ರಂದು. ಮೂರು ನಾಲ್ಕು ವರ್ಷದ ಸಂಶೋಧನೆಯಲ್ಲಿ ಸುಮಾರು ಇಪ್ಪತ್ತೊಂದು ತಿಂಗಳು ಹೊರಗೆ ನಿಂತವನ ಗತಿಯನ್ನು ವಾಚಕರೇ ಊಹಿಸಬಹುದು.

ಇದಕ್ಕೆ ಮೇಲಾಗಿ ಬಂದದ್ದು ಜುಲೈ ತಿಂಗಳ ಆಜ್ಞೆ. ವಿದ್ಯಾರ್ಥಿಯ ವೀಸಾ ಉಳ್ಳವನು ಒಂದು ಪಾಠಕ್ರಮಕ್ಕಿಂತ ಹೆಚ್ಚನ್ನು ತೆರೆಯ ಮೂಲಕ ಕಲಿತರೆ ಅದು ಪೂರ್ಣ ವ್ಯಾಸಂಗದ ಲೆಕ್ಕಕ್ಕೆ ಸೇರದೆಂಬುದು ಅಮೆರಿಕದ ಹಳೆಯ ನಿಯಮ. ಮಾರ್ಚಿಯಲ್ಲಿ ಈ ನಿಯಮವನ್ನು ಸಡಿಲಿಸಲಾಗಿತ್ತು. ಜುಲೈ ೬ರಂದು ಸರಕಾರ, ಪಾಠಗಳೆಲ್ಲವೂ ತೆರೆಯ ಮೇಲೆಯೇ ನಡೆಯುವ ವಿಶ್ವವಿದ್ಯಾನಿಲಯಗಳ ಪರದೇಶದ ವಿದ್ಯಾರ್ಥಿಗಳು ದೇಶವನ್ನು ಬಿಡಬೇಕು, ಇಲ್ಲವೇ ಬೇರೆ ವಿಶ್ವವಿದ್ಯಾನಿಲಯಕ್ಕೆ ಸೇರಬೇಕು ಎಂದು ಪ್ರಕಟಿಸಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯವೂ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯೂ ಜುಲೈ ೮ರಂದು ನ್ಯಾಯಾಲಯದ ಮೆಟ್ಟಿಲೇರಿದವು. ಜುಲೈ ೧೪ರಂದು ಸರಕಾರ ಆಜ್ಞೆಯನ್ನು ಹಿಂದಕ್ಕೆ ಪಡೆಯಿತು. ಹೊಸದಾಗಿ ಸೇರುವವರಿಗೆ ಮಾತ್ರ ಈ ವಿನಾಯಿತಿ ದೊರೆಯಲಿಲ್ಲ. ಆ ಆಜ್ಞೆ ಬದುಕಿದ್ದದ್ದು ಎಂಟೇ ದಿನ. ಆದರೆ ಆ ಎಂಟು ದಿನಗಳಲ್ಲಿ ಲಕ್ಷಾಂತರ ತರುಣರು ತಮ್ಮ ಕೊಠಡಿಗಳಲ್ಲಿ ಕುಳಿತು, ಪೆಟ್ಟಿಗೆ ಕಟ್ಟಬೇಕೆ ಬೇಡವೆ ಎಂದು ಯೋಚಿಸಿದರು.

ಅನಿಶ್ಚಯದ ಭಾರ

ಎಂಟು ದಿನಗಳ ನಂತರ ತೊಲಗಿಹೋದ ಸಂಕಟ ಅಷ್ಟೊಂದು ಘಾಸಿ ಮಾಡುವುದೇಕೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ೨೦೧೬ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ನಲವತ್ತೈದು ಮಂದಿ ಸ್ವಯಂಸೇವಕರು ಗಣಕಯಂತ್ರದ ಆಟವೊಂದರಲ್ಲಿ ಕಲ್ಲುಗಳನ್ನು ಮಗುಚಬೇಕು. ಕಲ್ಲಿನ ಅಡಿಯಲ್ಲಿ ಹಾವಿದ್ದರೆ ಕೈಗೆ ನೋವಾಗುವಂತೆ ವಿದ್ಯುದಾಘಾತ ತಗುಲುತ್ತದೆ. ಅವರ ಬೆವರನ್ನೂ ಕಣ್ಣುಪಾಪೆಯ ಹಿಗ್ಗುವಿಕೆಯನ್ನೂ ಅಳೆದು ಅವರ ತಳಮಳವನ್ನು ಗುರುತಿಸಲಾಯಿತು. ಆಘಾತ ಬಂದೇ ಬರುವುದೆಂದು ತಿಳಿದಿದ್ದಾಗ ಇದ್ದ ತಳಮಳಕ್ಕಿಂತ, ಬರುವ ಸಂಭವ ಸರಿಯಾಗಿ ಅರ್ಧವಾಗಿದ್ದಾಗ ತಳಮಳ ಹೆಚ್ಚಾಗಿತ್ತು.

ಗಣಿತದಲ್ಲಿ ಇದಕ್ಕೆ ಸರಳವಾದ ಪ್ರತಿರೂಪವಿದೆ. ಒಂದು ಘಟನೆ ನಡೆಯುವ ಸಂಭಾವ್ಯತೆಯನ್ನು, ನಡೆಯದಿರುವ ಸಂಭಾವ್ಯತೆಯಿಂದ ಗುಣಿಸಿದರೆ ಅನಿಶ್ಚಯದ ಅಳತೆ ದೊರೆಯುತ್ತದೆ. ಸಂಭಾವ್ಯತೆ ೦.೯ ಆದರೆ ಗುಣಲಬ್ಧ ೦.೦೯, ೦.೫ ಆದರೆ ೦.೨೫. ಇದಕ್ಕಿಂತ ಹೆಚ್ಚಿನ ಬೆಲೆ ಇಲ್ಲವೇ ಇಲ್ಲ. ಕೆಟ್ಟ ಸುದ್ದಿಯನ್ನು ಮನುಷ್ಯ ತಾಳಿಕೊಳ್ಳಬಲ್ಲ. ತೂಗುತ್ತಲೇ ಇರುವ ತಕ್ಕಡಿಯನ್ನು ತಾಳಿಕೊಳ್ಳುವುದು ಅದಕ್ಕಿಂತ ಕಷ್ಟ.

ಇಂಥ ಒತ್ತಡದಲ್ಲಿ ದೇಹ ಮಾಡುವ ಕೆಲಸವನ್ನು ಮೊದಲು ವಿವರಿಸಿದವರಲ್ಲಿ ಹಾನ್ಸ್ ಸೆಲ್ಯೆ ಪ್ರಮುಖನು. ವಿಯೆನ್ನಾದಲ್ಲಿ ಹುಟ್ಟಿ, ಪ್ರಾಗ್‌ನಲ್ಲಿ ಓದಿ, ೧೯೩೧ರಲ್ಲಿ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಬಂದು, ಅನಂತರ ಕೆನಡದ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯವನ್ನು ಸೇರಿದ ಅವನು ತಾನೂ ಪರದೇಶದಲ್ಲಿ ಕಲಿತವನೇ. ೧೯೩೬ರಲ್ಲಿ ಅವನು 'ನೇಚರ್' ಪತ್ರಿಕೆಗೆ ಬರೆದ ಚಿಕ್ಕ ಪತ್ರವು, ಪೀಡೆ ಯಾವುದೇ ಆಗಿರಲಿ, ದೇಹ ಅದಕ್ಕೆ ಕೊಡುವ ಪ್ರತಿಕ್ರಿಯೆ ಬಹುಮಟ್ಟಿಗೆ ಒಂದೇ ರೂಪದ್ದೆಂದು ತೋರಿಸಿತು. ಮಿದುಳಿನ ಬುಡದಿಂದ ಹೊರಟ ಸೂಚನೆ ಪಿಟ್ಯುಟರಿ ಗ್ರಂಥಿಯನ್ನು ಮುಟ್ಟಿ, ಅಲ್ಲಿಂದ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಗೆ ತಲುಪಿ, ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಬಿಡುಗಡೆಯಾಗುತ್ತದೆಂದು ಇಂದು ತಿಳಿದಿದೆ. ಹುಲಿ ಎದುರಾದಾಗ ಇದು ಬಲು ಉಪಕಾರಿ. ಹುಲಿ ತಿಂಗಳುಗಟ್ಟಲೆ ಪೊದೆಯ ಹಿಂದೆಯೇ ಕುಳಿತು, ಬರುವುದೂ ಇಲ್ಲ ಹೋಗುವುದೂ ಇಲ್ಲ ಎಂದಾದಾಗ ಇದೇ ಏರ್ಪಾಡು ನಿದ್ರೆಯನ್ನೂ ನೆನಪನ್ನೂ ಕೆಡಿಸತೊಡಗುತ್ತದೆ. ನಿದ್ರೆ, ನೆನಪುಗಳೆರಡೂ ಕೆಟ್ಟ ವಿದ್ಯಾರ್ಥಿಯಿಂದ ಎಂಥ ಅಧ್ಯಯನವನ್ನು ನಿರೀಕ್ಷಿಸಲಾದೀತು?

ಕಾಲವಲಯ ಮತ್ತು ದೇಹದ ಗಡಿಯಾರ

ಊರಿಗೆ ಮರಳಿದವರ ಕಥೆ ಬೇರೆ. ಅವರಿಗೆ ತಾಯಿಯ ಕೈಯಡಿಗೆ ಸಿಕ್ಕಿತು, ನಿದ್ರೆ ಸಿಕ್ಕಲಿಲ್ಲ. ಬೇಸಗೆಯ ಗಡಿಯಾರದಂತೆ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದು, ಕ್ಯಾಲಿಫೋರ್ನಿಯ ಹನ್ನೆರಡೂವರೆ ಗಂಟೆ ಹಿಂದು. ನ್ಯೂಯಾರ್ಕಿನಲ್ಲಿ ಮಧ್ಯಾಹ್ನ ಎರಡಕ್ಕೆ ನಡೆಯುವ ವಿಚಾರಗೋಷ್ಠಿ ಮೈಸೂರಿನಲ್ಲಿ ಕುಳಿತವನಿಗೆ ರಾತ್ರಿ ಹನ್ನೊಂದೂವರೆಗೆ. ಕ್ಯಾಲಿಫೋರ್ನಿಯದ ಎರಡು ಗಂಟೆ ಅವನಿಗೆ ಬೆಳಗಿನ ಜಾವ ಎರಡೂವರೆ. ನಮ್ಮ ಮಿದುಳಿನಲ್ಲಿ, ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲುಗಡೆ, ಸುಮಾರು ಇಪ್ಪತ್ತು ಸಾವಿರ ಜೀವಕೋಶಗಳ ಒಂದು ಗುಂಪಿದೆ. ದೇಹದ ಮುಖ್ಯ ಗಡಿಯಾರ ಅದೇ. ಹೊರಗಿನ ಬೆಳಕಿನ ಸುಳಿವು ಕೊಡದೆ ಪರೀಕ್ಷಿಸಿದಾಗ ಈ ಗಡಿಯಾರದ ದಿನ ಸರಾಸರಿ ಇಪ್ಪತ್ತನಾಲ್ಕು ಗಂಟೆ ಹನ್ನೊಂದು ನಿಮಿಷವೆಂದು ೧೯೯೯ರಲ್ಲಿ ಪ್ರಕಟವಾದ ಸಂಶೋಧನೆ ಗೊತ್ತುಮಾಡಿತು. ಪ್ರತಿದಿನ ಬೆಳಗಿನ ಬೆಳಕು ಇದನ್ನು ತಿದ್ದಿ ಸರಿಪಡಿಸುತ್ತದೆ.

ವಿಮಾನದಲ್ಲಿ ಅಮೆರಿಕಕ್ಕೆ ಹೋದವನ ಗಡಿಯಾರವನ್ನು ಅಲ್ಲಿನ ಸೂರ್ಯನೇ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಹೊಂದಿಸಿಕೊಡುತ್ತಾನೆ. ಹತ್ತು ಹನ್ನೆರಡು ದಿನಗಳಲ್ಲಿ ಕೆಲಸ ಮುಗಿಯುತ್ತದೆ. ಮೈಸೂರಿನಲ್ಲಿ ಕುಳಿತು ಅಮೆರಿಕದ ಪಾಠ ಕೇಳುವವನಿಗೆ ಈ ಸಹಾಯವೂ ಇಲ್ಲ. ಪಾಠದ ಗಡಿಯಾರ ಒಂದು ಕಡೆಗೆ ಎಳೆದರೆ ಕಿಟಕಿಯ ಹೊರಗಿನ ಸೂರ್ಯ ಇನ್ನೊಂದು ಕಡೆಗೆ ಎಳೆಯುತ್ತಾನೆ. ತೆರೆಯ ಬೆಳಕು ನಡುರಾತ್ರಿಯಲ್ಲಿ ಕಣ್ಣಿಗೆ ಬಿದ್ದು ನಿದ್ರೆ ಇನ್ನೂ ಹಿಂದಕ್ಕೆ ಸರಿಯುತ್ತದೆ. ಬೆಳಗ್ಗೆ ಮನೆಯವರೆಲ್ಲರೂ ಎದ್ದಿರುವಾಗ ಇವನೊಬ್ಬನು ಮಲಗಿದ್ದರೆ ಸೋಮಾರಿಯೆಂಬ ಹೆಸರು ಬೇರೆ.

ಮಾತಿನ ನಡುವಣ ಮೌನ

ಅಲ್ಲಿಯೇ ಉಳಿದವರಿಗೆ ಮನೆಯವರೊಂದಿಗೂ ಗುರುಗಳೊಂದಿಗೂ ಇದ್ದ ಬಂಧ ತೆರೆಯ ಮೇಲಿನ ಮಾತುಕತೆಯೊಂದೇ. ಮುಖ ಕಾಣುತ್ತದೆ, ಧ್ವನಿ ಕೇಳುತ್ತದೆ. ಆದರೂ ಎದುರಿಗೆ ಕುಳಿತು ಆಡಿದ ಮಾತಿನ ತೃಪ್ತಿ ಇರುವುದಿಲ್ಲ. ಇದಕ್ಕೆ ಭೌತಕಾರಣವೂ ಒಂದುಂಟು. ಹತ್ತು ಭಾಷೆಗಳ ಸಂಭಾಷಣೆಗಳನ್ನು ಪರೀಕ್ಷಿಸಿದ ೨೦೦೯ರ ಅಧ್ಯಯನವೊಂದರ ಪ್ರಕಾರ, ಒಬ್ಬನು ಮಾತು ನಿಲ್ಲಿಸಿ ಇನ್ನೊಬ್ಬನು ಉತ್ತರ ಆರಂಭಿಸುವುದರ ನಡುವೆ ಸಾಮಾನ್ಯವಾಗಿ ಸೆಕೆಂಡಿನ ಐದನೆಯ ಒಂದು ಭಾಗ, ಎಂದರೆ ೨೦೦ ಮಿಲಿಸೆಕೆಂಡುಗಳಷ್ಟು, ಬಿಡುವಿರುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಚಲಿಸುತ್ತದೆ. ಹದಿಮೂರು ಸಾವಿರ ಕಿಲೋಮೀಟರನ್ನು ನೇರವಾಗಿ ಹಾಯಲು ಅದಕ್ಕೆ ೬೫ ಮಿಲಿಸೆಕೆಂಡು ಬೇಕು. ಹೋಗಿ ಬರಲು ೧೩೦. ತಂತಿಗಳು ಸಮುದ್ರದಡಿಯಲ್ಲಿ ಸುತ್ತುಬಳಸಿ ಹೋಗುತ್ತವೆ; ಯಂತ್ರಗಳು ಚಿತ್ರವನ್ನೂ ಧ್ವನಿಯನ್ನೂ ಸಂಕೇತಕ್ಕೆ ತಿರುಗಿಸಲು ಇನ್ನಷ್ಟು ಸಮಯ ತೆಗೆದುಕೊಳ್ಳುತ್ತವೆ. ಹೀಗೆ ಮಾತಿನ ಸಹಜವಾದ ಬಿಡುವು ಇಮ್ಮಡಿಯಾಗುವುದು ಅತಿ ಸುಲಭ. ಇಬ್ಬರೂ ಒಮ್ಮೆಗೇ ಮಾತಾಡುತ್ತಾರೆ, ಇಬ್ಬರೂ ಒಮ್ಮೆಗೇ ನಿಲ್ಲುತ್ತಾರೆ. ಇಂಥ ವಿಳಂಬ ಹೆಚ್ಚಾದಾಗ ಕೇಳುವವರು ದೋಷವನ್ನು ಯಂತ್ರಕ್ಕಲ್ಲ, ಆಚೆಯವನ ಸ್ವಭಾವಕ್ಕೆ ಆರೋಪಿಸುತ್ತಾರೆಂದು ೨೦೧೪ರ ಪ್ರಯೋಗವೊಂದು ತೋರಿಸಿತು. 'ಮಗ ಮೊದಲಿನಂತೆ ಮನಬಿಚ್ಚಿ ಮಾತಾಡುವುದಿಲ್ಲ' ಎಂದು ಕೊರಗುವ ತಾಯಿಯ ದೂರಿನಲ್ಲಿ ಬೆಳಕಿನ ವೇಗಕ್ಕೂ ಒಂದು ಪಾಲಿದೆ!

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜೆರೆಮಿ ಬೇಲೆನ್ಸನ್ ಎಂಬ ವಿದ್ವಾಂಸರು ೨೦೨೧ರಲ್ಲಿ ಈ ಬಗೆಯ ದಣಿವಿಗೆ ನಾಲ್ಕು ಕಾರಣಗಳನ್ನು ಮುಂದಿಟ್ಟರು. ಹಲವು ಮುಖಗಳು ತೀರ ಹತ್ತಿರದಿಂದ ಎವೆಯಿಕ್ಕದೆ ನೋಡುತ್ತಿರುವುದು, ಸನ್ನೆಗಳನ್ನು ಕೊಡಲೂ ಗ್ರಹಿಸಲೂ ಬೇಕಾದ ಹೆಚ್ಚಿನ ಶ್ರಮ, ತನ್ನ ಮುಖವನ್ನು ತಾನೇ ಕನ್ನಡಿಯಲ್ಲಿ ನೋಡಿಕೊಂಡಂತೆ ದಿನವೆಲ್ಲ ನೋಡುತ್ತಿರಬೇಕಾದದ್ದು, ಕುಳಿತ ಸ್ಥಳದಿಂದ ಕದಲದಿರಬೇಕಾದದ್ದು, ಇವೇ ಆ ನಾಲ್ಕು. ಪರಭಾಷೆಯಲ್ಲಿ ಪಾಠ ಕೇಳುವವನಿಗೆ ಇವುಗಳ ಜೊತೆಗೆ ಉಚ್ಚಾರಣೆಯನ್ನು ಹಿಡಿಯುವ ಶ್ರಮವೂ ಸೇರುತ್ತದೆ.

ಅಧ್ಯಯನದಲ್ಲಿ ತಲ್ಲೀನತೆ

ಕ್ಷೇಮಕ್ಕೂ ಅಧ್ಯಯನದ ತಲ್ಲೀನತೆಗೂ ನಿಕಟವಾದ ಸಂಬಂಧವಿದೆ. ಹುರುಪು, ನಿಷ್ಠೆ, ಮೈಮರೆತು ತೊಡಗುವಿಕೆ ಎಂಬ ಮೂರು ಅಂಶಗಳನ್ನು ಮನಶ್ಶಾಸ್ತ್ರಜ್ಞರು ತಲ್ಲೀನತೆಯಲ್ಲಿ ಗುರುತಿಸುತ್ತಾರೆ. ಇದು ಬೆಳೆಯಬೇಕಾದರೆ ಮೂರು ಅಗತ್ಯಗಳು ಪೂರೈಸಬೇಕೆಂದು ಅಮೆರಿಕದ ಎಡ್ವರ್ಡ್ ಡೀಸಿ ಮತ್ತು ರಿಚರ್ಡ್ ರಯನ್ ಎಂಬ ವಿದ್ವಾಂಸರು ಪ್ರತಿಪಾದಿಸಿದ್ದಾರೆ: ತನ್ನ ಕೆಲಸದ ಮೇಲೆ ತನಗೆ ಅಧಿಕಾರವಿದೆಯೆಂಬ ಅರಿವು, ತಾನು ಇದನ್ನು ಮಾಡಬಲ್ಲೆನೆಂಬ ನಂಬಿಕೆ, ತಾನು ನಾಲ್ವರಿಗೆ ಬೇಕಾದವನೆಂಬ ಭಾವ. ಗಡಿಗಳೂ ಆಜ್ಞೆಗಳೂ ಮೊದಲನೆಯದನ್ನು ಕಿತ್ತುಕೊಂಡವು, ಮುಚ್ಚಿದ ಪ್ರಯೋಗಶಾಲೆ ಎರಡನೆಯದನ್ನು, ಏಕಾಂತ ಮೂರನೆಯದನ್ನು.

ಪ್ರಯೋಗಶಾಲೆಯ ನಷ್ಟ ಕೇವಲ ಉಪಕರಣಗಳ ನಷ್ಟವಲ್ಲ. ಹ್ಯಾರಿ ಕಾಲಿನ್ಸ್ ಎಂಬ ಸಮಾಜವಿಜ್ಞಾನಿ ೧೯೭೪ರಲ್ಲಿ ಒಂದು ಸ್ವಾರಸ್ಯವಾದ ಸಂಗತಿಯನ್ನು ಪ್ರಕಟಿಸಿದರು. ಒಂದು ಹೊಸ ಬಗೆಯ ಲೇಸರ್ ಯಂತ್ರವನ್ನು ಕಟ್ಟಲು ಬ್ರಿಟನ್ನಿನ ಹಲವು ಪ್ರಯೋಗಶಾಲೆಗಳು ಯತ್ನಿಸುತ್ತಿದ್ದವು. ಅದರ ವಿವರಗಳು ಪತ್ರಿಕೆಗಳಲ್ಲಿ ಅಚ್ಚಾಗಿದ್ದವು. ಆದರೂ ಅಚ್ಚಾದ ಲೇಖನವನ್ನು ಮಾತ್ರ ಓದಿ ಯಂತ್ರವನ್ನು ನಡೆಯಿಸಿದವರು ಒಬ್ಬರೂ ಇರಲಿಲ್ಲ. ಯಶಸ್ಸು ದೊರೆತದ್ದು ಅದನ್ನು ಮೊದಲೇ ಕಟ್ಟಿದವರ ಒಡನಾಟವಿದ್ದವರಿಗೆ. ಬರವಣಿಗೆಗೆ ಇಳಿಯದ ತಿಳಿವಳಿಕೆ ಎಂಬುದೊಂದಿದೆ. ಅದು ಹಿರಿಯನ ಕೈಯಿಂದ ಕಿರಿಯನ ಕೈಗೆ, ಮೇಜಿನ ಬದಿಯಲ್ಲಿ, ಕಾಫಿ ಕುಡಿಯುವ ಹೊತ್ತಿನಲ್ಲಿ ದಾಟುತ್ತದೆ. ಪರದೇಶಕ್ಕೆ ಹೋಗಿ ಕಲಿಯಬೇಕಾದದ್ದು ಮುಖ್ಯವಾಗಿ ಇದನ್ನೇ. ಪುಸ್ತಕದಲ್ಲಿರುವುದನ್ನು ಊರಿನಲ್ಲಿಯೂ ಓದಬಹುದು.

ಈ ಸಂದರ್ಭದಲ್ಲಿ ನ್ಯೂಟನ್ನನ ಹೆಸರನ್ನು ಅನೇಕರು ಎತ್ತಿದರು. ೧೬೬೫ರಲ್ಲಿ ಪ್ಲೇಗಿಗೆ ಹೆದರಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಮುಚ್ಚಿದಾಗ ಅವನು ಊರಿಗೆ ಹೋಗಿ, ೧೬೬೭ರ ಏಪ್ರಿಲ್‌ವರೆಗೆ ಬಹುಕಾಲ ಅಲ್ಲಿಯೇ ಇದ್ದು, ಗಣಿತದಲ್ಲಿಯೂ ದ್ಯುತಿವಿಜ್ಞಾನದಲ್ಲಿಯೂ ಮಹತ್ತಾದ ಚಿಂತನೆ ನಡೆಸಿದನೆಂಬುದು ನಿಜ. ಭೌತಶಾಸ್ತ್ರದ ಅಧ್ಯಾಪಕರಾದ ನಮಗೂ ಆ ಕಥೆ ಪ್ರಿಯವಾದದ್ದೇ. ಆದರೆ ಹೋಲಿಕೆ ಸಲ್ಲದು. ನ್ಯೂಟನ್ ಹೋದದ್ದು ತನ್ನ ತಾಯಿಯ ಮನೆಗೆ, ಕೇಂಬ್ರಿಜಿನಿಂದ ನೂರು ಕಿಲೋಮೀಟರಿನ ದೂರಕ್ಕೆ. ಅವನನ್ನು ದೇಶ ಬಿಡೆಂದು ಯಾರೂ ಹೇಳಿರಲಿಲ್ಲ; ಅವನ ಕೆಲಸಕ್ಕೆ ಕಾಗದ, ಲೇಖನಿ, ಅಶ್ರಗಗಳು ಸಾಕಾಗಿದ್ದವು. ಸಂಕಟದಲ್ಲಿರುವವನಿಗೆ 'ನ್ಯೂಟನ್ನನನ್ನು ನೋಡು' ಎಂದು ಹೇಳುವುದು ಉಪದೇಶವಲ್ಲ, ಗಾಯದ ಮೇಲೆ ಉಪ್ಪು.

ಎರಡನೆಯ ಅಲೆ

೨೦೨೧ರ ಬೇಸಗೆಯಲ್ಲಿ ಭೀತಿಯ ದಿಕ್ಕು ತಿರುಗಿತು. ಮೊದಲ ವರ್ಷ ಇಲ್ಲಿನ ತಂದೆತಾಯಿಯರು ಅಲ್ಲಿನ ಮಕ್ಕಳಿಗಾಗಿ ಹೆದರಿದ್ದರು. ಈಗ ಅಲ್ಲಿನ ಮಕ್ಕಳು ಇಲ್ಲಿನ ತಂದೆತಾಯಿಯರಿಗಾಗಿ ಹೆದರಿದರು. ಮೇ ತಿಂಗಳ ಮೊದಲಲ್ಲಿ ಭಾರತದಲ್ಲಿ ದಿನವೊಂದಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲುತ್ತಿತ್ತು. ಆಸ್ಪತ್ರೆಗಳಲ್ಲಿ ಹಾಸಿಗೆಗೂ ಆಮ್ಲಜನಕಕ್ಕೂ ಪರದಾಟ. ಮೇ ೪ರಿಂದ ಅಮೆರಿಕ, ಹಿಂದಿನ ಹದಿನಾಲ್ಕು ದಿನಗಳಲ್ಲಿ ಭಾರತದಲ್ಲಿದ್ದ ಪರದೇಶೀಯರ ಪ್ರವೇಶವನ್ನು ನಿರ್ಬಂಧಿಸಿತು. ಆಗಸ್ಟ್ ೧ರ ನಂತರ ಆರಂಭವಾಗುವ ಪಾಠಗಳ ವಿದ್ಯಾರ್ಥಿಗಳಿಗೆ ಮಾತ್ರ ವಿನಾಯಿತಿ ಇತ್ತು. ತಂದೆ ಆಸ್ಪತ್ರೆಯಲ್ಲಿದ್ದಾಗ ಹೊರಟರೆ ವ್ಯಾಸಂಗ ಕೆಡಬಹುದು. ಹೊರಡದಿದ್ದರೆ ತಂದೆಯ ಮುಖವನ್ನು ಮತ್ತೆ ನೋಡದೆ ಹೋಗಬಹುದು. ಅಂತ್ಯಕ್ರಿಯೆಯನ್ನು ಅಂಗೈಯಗಲದ ಗಾಜಿನಲ್ಲಿ ನೋಡಿ, ಮರುದಿನ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತವರು ಇದ್ದರು. ಪ್ರಶ್ನಾವಳಿಯ ಇಪ್ಪತ್ತೇಳು ಅಂಕಗಳಲ್ಲಿ ಇದಕ್ಕೆ ಎಷ್ಟು ಅಂಕ ಕೊಡಬೇಕು?

ಮನೆಯ ಕಾಯಿಲೆಯನ್ನು ದೂರದ ಮಕ್ಕಳಿಂದ ಮುಚ್ಚಿಡುವುದು ನಮ್ಮಲ್ಲಿ ವಾಡಿಕೆ. 'ಅಲ್ಲಿ ಒಬ್ಬನೇ ಇದ್ದಾನೆ, ಹೇಳಿ ಏನು ಪ್ರಯೋಜನ?' ಎಂಬುದು ಅದರ ಹಿಂದಿರುವ ಕರುಣೆ. ಆದರೆ ಮೇಲೆ ಹೇಳಿದ ಕಲ್ಲು ಹಾವುಗಳ ಪ್ರಯೋಗವನ್ನು ನೆನೆದರೆ ಈ ಕರುಣೆ ಸಾಧಿಸುವುದು ಬಹಳ ಸ್ವಲ್ಪವೆಂದು ತೋರುತ್ತದೆ. ಒಮ್ಮೆ ಮುಚ್ಚಿಟ್ಟಿದ್ದು ಬಯಲಾದ ಮೇಲೆ, 'ಎಲ್ಲರೂ ಚೆನ್ನಾಗಿದ್ದೇವೆ' ಎಂಬ ಮಾತಿಗೆ ಬೆಲೆಯೇ ಉಳಿಯುವುದಿಲ್ಲ. ಅಂದಿನಿಂದ ಪ್ರತಿಯೊಂದು ಕಲ್ಲಿನ ಅಡಿಯಲ್ಲಿಯೂ ಹಾವಿರಬಹುದು. ನಿಜವನ್ನು ಮೃದುವಾಗಿ, ಆದರೆ ನಿಜವನ್ನೇ ಹೇಳುವುದು ಹೆಚ್ಚಿನ ದಯೆ.

ನೆರವಾದದ್ದು ಯಾವುದು?

ಇಷ್ಟೆಲ್ಲ ನಡೆದರೂ ಬಹುಮಂದಿ ಕುಸಿಯಲಿಲ್ಲ. ಪ್ರಬಂಧಗಳು ಮುಗಿದವು, ಪದವಿಗಳು ಬಂದವು. ಅವರನ್ನು ಹಿಡಿದು ನಿಲ್ಲಿಸಿದ ಶಕ್ತಿ ಬಹುಮಟ್ಟಿಗೆ ಮನುಷ್ಯರ ಒಡನಾಟ. ಆಪ್ತರ ಬಲ ಒತ್ತಡದ ಏಟನ್ನು ಮೆತ್ತೆಯಂತೆ ತಗ್ಗಿಸುತ್ತದೆಂದು ೧೯೮೫ರಲ್ಲಿಯೇ ಇಬ್ಬರು ವಿದ್ವಾಂಸರು ವಿವರಿಸಿದ್ದರು. ೨೦೧೦ರಲ್ಲಿ ೧೪೮ ಅಧ್ಯಯನಗಳನ್ನೂ ಅವುಗಳಲ್ಲಿನ ಮೂರು ಲಕ್ಷಕ್ಕೂ ಹೆಚ್ಚು ಜನರನ್ನೂ ಒಟ್ಟುಗೂಡಿಸಿ ನೋಡಿದಾಗ, ಬಲವಾದ ಸಂಬಂಧಗಳುಳ್ಳವರು ಬದುಕುಳಿಯುವ ಸಾಧ್ಯತೆ ಇಲ್ಲದವರಿಗಿಂತ ಶೇಕಡ ೫೦ರಷ್ಟು ಹೆಚ್ಚೆಂದು ಕಂಡುಬಂತು. ಒಂಟಿತನದಲ್ಲಿ ಎರಡು ಬಗೆ ಎಂದು ರಾಬರ್ಟ್ ವೈಸ್ ಎಂಬ ಸಮಾಜವಿಜ್ಞಾನಿ ೧೯೭೩ರಲ್ಲಿ ವಿಂಗಡಿಸಿದ್ದರು: ಆಪ್ತನೊಬ್ಬನಿಲ್ಲದ ಒಂಟಿತನ, ಬಳಗವಿಲ್ಲದ ಒಂಟಿತನ. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಮನೆಯಿ೦ದ ಪ್ರತಿದಿನ ಕರೆ ಬರುತ್ತಿದ್ದರೂ ಸುತ್ತಲೂ ಬಳಗವಿಲ್ಲದವನು ಕುಗ್ಗುತ್ತಾನೆ. ಅದಕ್ಕೇ ಒಂದೇ ಕಟ್ಟಡದ ನಾಲ್ವರು ಸೇರಿ ಅಡಿಗೆ ಮಾಡಿಕೊಂಡದ್ದು, ದಿನಸಿ ತಂದು ಬಾಗಿಲಲ್ಲಿಟ್ಟು ಹೋದದ್ದು, ಮಾರ್ಗದರ್ಶಕರು ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ತಪ್ಪದೆ ಮಾತಾಡಿಸಿದ್ದು, ಇಂಥ ಸಣ್ಣ ಸಂಗತಿಗಳಿಗೆ ದೊಡ್ಡ ಬೆಲೆ ಬಂದಿತು. ಇವುಗಳ ಜೊತೆಗೆ ವಿಶ್ವವಿದ್ಯಾನಿಲಯಗಳ ತುರ್ತುನಿಧಿಗಳು, ವಿದ್ಯಾರ್ಥಿವೇತನದ ಅವಧಿಯ ವಿಸ್ತರಣೆ, ನಿಯಮಗಳನ್ನು ತಿಳಿಯುವ ಭಾಷೆಯಲ್ಲಿ ಒಡನೆಯೇ ತಿಳಿಸುವುದು ಇವೂ ಬೇಕೇ ಬೇಕು. ಹಸಿದವನಿಗೆ ಧ್ಯಾನದ ಪಾಠ ಹೇಳಿ ಫಲವಿಲ್ಲ.

೨೦೨೦-೨೧ರಲ್ಲಿ ಅಮೆರಿಕದ ಪರದೇಶದ ವಿದ್ಯಾರ್ಥಿಗಳ ಸಂಖ್ಯೆ ೯,೧೪,೦೯೫ಕ್ಕೆ ಇಳಿಯಿತು. ಹೊಸದಾಗಿ ಸೇರಿದವರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಶೇಕಡ ೪೬ರಷ್ಟು ಕುಸಿಯಿತು. ಆದರೆ ೨೦೨೩-೨೪ರ ಹೊತ್ತಿಗೆ ಅದು ೧೧,೨೬,೬೯೦ಕ್ಕೆ ಏರಿ, ೩,೩೧,೬೦೨ ಮಂದಿ ಭಾರತೀಯರು ಮೊದಲ ಸ್ಥಾನಕ್ಕೆ ಬಂದರು. ವಿದ್ಯೆಯ ದಾಹ ರೋಗಕ್ಕೆ ಹೆದರಿ ನಿಲ್ಲುವಂಥದಲ್ಲ. ಹಾಗೆಯೇ ಮುಂದೊಂದು ದಿನ ಇನ್ನೊಂದು ಮಹಾಮಾರಿ ಬಾರದೆಂದು ಹೇಳುವವರೂ ಇಲ್ಲ.

ಕೊನೆಯದಾಗಿ ಒಂದು ಮಾತು. ಪರದೇಶದ ವಿದ್ಯಾರ್ಥಿ ಎಂದೊಡನೆ ನಮ್ಮ ಮನಸ್ಸು ಹೊರಕ್ಕೆ ಹೋದವರನ್ನು ಮಾತ್ರ ನೆನೆಯುತ್ತದೆ. ಭಾರತ ಸರಕಾರದ ೨೦೧೯-೨೦ರ ಉನ್ನತ ಶಿಕ್ಷಣ ಸಮೀಕ್ಷೆಯಂತೆ ನಮ್ಮ ದೇಶಕ್ಕೆ ಓದಲು ಬಂದಿದ್ದ ಪರದೇಶೀಯರು ಸುಮಾರು ೪೯,೦೦೦. ಬೇರೆ ಯಾವ ರಾಜ್ಯಕ್ಕಿಂತಲೂ ಹೆಚ್ಚಾಗಿ ಅವರು ನೆಲೆಸಿದ್ದದ್ದು ಕರ್ನಾಟಕದಲ್ಲಿ. ೨೦೨೦ರ ಮಾರ್ಚ್ ೨೫ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ನೇಪಾಳ, ಆಫ್ಘಾನಿಸ್ತಾನ ಮತ್ತು ಆಫ್ರಿಕದ ನಾಡುಗಳಿಂದ ಬಂದ ಆ ತರುಣರಿಗೂ ಅದೇ ಕಿರಿದಾದ ಪೀಠ, ಅದೇ ದೂರದ ಮನೆ. ನಮ್ಮ ಮಗನಿಗೆ ಬಾಸ್ಟನ್ನಿನಲ್ಲಿ ಯಾರಾದರೂ ಒಂದು ಬಟ್ಟಲು ಬಿಸಿ ಸಾರು ಕೊಡಲಿ ಎಂದು ಹಾರೈಸುವ ನಾವು, ನಮ್ಮ ಬೀದಿಯ ಬಾಡಿಗೆಯ ಕೊಠಡಿಯಲ್ಲಿರುವ ಪರದೇಶದ ಹುಡುಗನ ಬಾಗಿಲನ್ನೂ ತಟ್ಟಿ ವಿಚಾರಿಸಬೇಕು. ಅವನ ಆಧಾರದ ಬಿಂದುಗಳಿಗೆ ಇನ್ನೊಂದನ್ನು ಸೇರಿಸಿಕೊಡಲು ನಮಗೆ ಯಾವ ಉಪಕರಣವೂ ಬೇಕಾಗಿಲ್ಲ.